ವೈರಿನ ತುದಿ

ಟಪ್ ಎಂದಿತು ಏನೋ, ಮಣಿಕಟ್ಟಿಗೆ ಚುರುಕ್ಕೆಂದು ಬಡಿಯಿತು, ಕೆಳಗಿನ ಸಣ್ಣ ತಂತಿ, ಹೌದು ಅದೇ, ಕಡಿದು ಸುರುಳಿಯಾಗಿ ಗಿಟಾರಿನ ಹೊಟ್ಟೆಯ ಮೇಲೆ ನಡುಗುತ್ತಿದೆ, ಇವತ್ತೇ ಕಡಿಯಬೇಕಿತ್ತೇ ಮುಂಡೇದು, ಮಗಳು ಸಿಂಚನ ಎರಡನೇ ಸಾಲಿನಲ್ಲಿ ಕೂತು ಫೋನೆತ್ತಿ ಅಪ್ಪನ ವಿಡಿಯೋ ಹಿಡಿಯುತ್ತಿರುವ ಇವತ್ತೇ, ಗಿಟಾರು ಒಂದೇ ನುಡಿಯುವ ಸೋಲೋ ಈಗಷ್ಟೇ ಶುರುವಾಗಿದೆ, ವರ್ಷವಿಡೀ ಕಲಿತ ಸೋಲೋ — ಕೆಂಪರಾಜ ಹಲ್ಲು ಕಚ್ಚಿದ, ಈಗ ಸದ್ದು ನಿಲ್ಲುತ್ತದೆ, ಈಗ ಆರತಕ್ಷತೆಗೆ ಬಂದ ಜನವೆಲ್ಲ ತಿರುಗಿ ನೋಡುತ್ತಾರೆ, ಹೊಸಕೋಟೆಯಲ್ಲಿ ನೋಡಿದ ಹಾಗೆ. ಸದ್ದು ನಿಲ್ಲಲಿಲ್ಲ. ಸ್ಪೀಕರಿನಲ್ಲಿ ಗಿಟಾರು ಬರುತ್ತಲೇ ಇದೆ, ಆ ಸಣ್ಣ ತಂತಿಯ ಮೇಲೇ ನುಡಿಸಬೇಕಾದ ಎತ್ತರದ ಸ್ವರಕ್ಕೆ ಏರಿ, ಅಲ್ಲಿ ಒಂದು ಗಳಿಗೆ ನಿಂತು, ಚೆಂದಾಗಿ ಇಳಿಯುತ್ತಿದೆ, ಇಲ್ಲದ ತಂತಿಯಿಂದ. ಎಕೋ ಇರಬೇಕು, ಸೌಂಡು ನೋಡಿಕೊಳ್ಳುವ ಸೊಣ್ಣಪ್ಪ ಎಕೋ ಜಾಸ್ತಿ ತಿರುಗಿಸಿಬಿಟ್ಟಿದ್ದಾನೆ, ಆದರೆ ಎಕೋ ಅಂದರೆ ನುಡಿಸಿದ್ದು ತಿರುಗಿ ಬರುವುದು, ಇನ್ನೂ ನುಡಿಸದೇ ಇರುವುದು ಮೊದಲೇ ಬರುತ್ತದೆಯೇ, ಅಯ್ಯೋ ಶಿವನೇ, ಬೆರಳು ನಿಲ್ಲಿಸಬೇಡ, ಆಡಿಸುತ್ತಿರು, ಮಗು ನೋಡುತ್ತಿದೆ. ವೇದಿಕೆಯ ಅಂಚಿನಲ್ಲಿ, ಹೂಕುಂಡದ ಪಕ್ಕ, ಕೆಂಪು ಕಾರ್ಪೆಟ್ಟಿನ ಮೇಲೆ ಏನೋ ಹೊಳೆಯಿತು, ಯಾರದೋ ಓಲೆಯೋ, ಕುಂಕುಮದ ಭರಣಿಯ ಮುಚ್ಚಳವೋ.

ಹೊಸಕೋಟೆ ಈಗ ನೆನಪಾಗಬಾರದು, ಆದರೂ ಬರುತ್ತದೆ, ಹೋದ ವರ್ಷದ ಮದುವೆ, ಇದೇ ಹಳೆಯ ಯುಗಳಗೀತೆ, ಇದೇ ಸೋಲೋ, ಬೆರಳು ತಂತಿಯ ಮೇಲೆ ಒಂದು ಮನೆ ಆಚೆ ಬಿದ್ದು ಅಲ್ಲಿಂದ ಪೂರಾ ಹಾಳು, ಮದುಮಗನ ಗೆಳೆಯರು ಶಿಳ್ಳೆ ಹೊಡೆದು ನಕ್ಕದ್ದು, ನಗು ಊಟದ ಹಾಲಿನ ತನಕ ಹೋದದ್ದು, ಸಿಂಚನ ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡದ್ದು. ಅಮ್ಮಾ, ಅಪ್ಪಂಗೆ ಬರಲ್ಲ ಅಲ್ವಾ. ಹೆಂಡತಿ ಪ್ರಮೋದಾ, ಸುಮ್ನಿರು ಅಂದಳು, ಬರ್ತದೆ ಅನ್ನಲಿಲ್ಲ. ಅಲ್ಲಿಂದಾಚೆ ಅಪ್ಪನ ಪ್ರೋಗ್ರಾಮು ಅಂದರೆ ಸಾಕು, ಹುಡುಗಿಗೆ ಹೊಟ್ಟೆನೋವು. ಗಂಗಣ್ಣ, ಆರ್ಕೆಸ್ಟ್ರಾ ಅವನದು, ಹಾಡುವವನೂ ಅವನೇ, ಸ್ಕೂಲಿನಲ್ಲಿ ಒಂದೇ ಬೆಂಚು, ಇನ್ನು ಕೈಬಿಡುತ್ತಾನೆ ಅಂದುಕೊಂಡರೆ ಬಿಡಲಿಲ್ಲ, ಹೆಗಲ ಮೇಲೆ ಕೈ ಹಾಕಿ ಲೇ ಕೆಂಪ, ನೀನಿಲ್ದಿದ್ರೆ ಸ್ಟೇಜು ಖಾಲಿ ಖಾಲಿ ಕಾಣ್ತದೆ ಕಣೋ ಅಂದ, ಆ ಒಂದು ಮಾತಿಗೆ ಕಣ್ಣಲ್ಲಿ ನೀರು ಬಂದಿತ್ತು, ಇವನ ಋಣ ತೀರಿಸಬೇಕು, ಮಗಳು ಮತ್ತೆ ಬಂದು ಮುಂದಿನ ಸಾಲಿನಲ್ಲಿ ಕೂರಬೇಕು, ಕಲಿಯುತ್ತೇನೆ, ಮೊದಲಿನಿಂದ ಕಲಿಯುತ್ತೇನೆ ಅಂತ ಫೋನಿನಲ್ಲಿ ಪಾಠ ಹುಡುಕಿದ್ದು ಅವತ್ತೇ. ಊರು ಸೂರೆ ಹೋದ್ಮೇಲೆ ಕೋಟೆ ಬಾಗ್ಲು ಹಾಕಿದ್ರಂತೆ, ನಲವತ್ತು ದಾಟಿದ್ಮೇಲೆ ಪಾಠವೇನ್ರೀ, ಅಂತ ಪ್ರಮೋದಾ ನಕ್ಕಳು. ನಗಲಿ. ಡೈರಿಗೆ ಹಾಲು ಹಾಕಿ, ಗುಲಾಬಿಗೆ ನೀರು ಬಿಟ್ಟು, ಗಿಟಾರು ಬೆನ್ನಿಗೇರಿಸಿಕೊಂಡು ಹುಣಸೆ ತೋಪಿಗೆ ಹೋಗುವುದು, ನಲ್ಲೂರಿನ ಮನೆಯೊಳಗೆ ನೆಟ್‌ವರ್ಕು ಸಿಗದು, ತೋಪಿನಲ್ಲಿ ಚೆನ್ನಾಗಿ ಸಿಗುತ್ತದೆ, ಬೇರಿನ ಸಂದಿಗೆ ಫೋನು ಒರಗಿಸಿ, ವಿಡಿಯೋದಲ್ಲಿ ಪಾಠ ಹೇಳುವ ಗಡ್ಡದ ಮೇಷ್ಟ್ರನ್ನು ಅರ್ಧ ವೇಗಕ್ಕೆ ಇಳಿಸಿ, ಆಗ ಮೇಷ್ಟ್ರ ಇಂಗ್ಲಿಷು ಕುಡಿದವನ ಇಂಗ್ಲಿಷು, ಆದರೆ ಬೆರಳು ಮಾತ್ರ ಸ್ಪಷ್ಟ, ಹೆಬ್ಬೆರಳು ಹಿಂದೆ, ಉಳಿದ ಬೆರಳು ತಂತಿಯ ಹತ್ತಿರವೇ ಇರಲಿ, ಎತ್ತಬೇಡ, ಅವಸರ ಬೇಡ. ಇಪ್ಪತ್ತು ವರ್ಷ ಹೆಬ್ಬೆರಳನ್ನು ತಪ್ಪಾಗಿಯೇ ಇಟ್ಟಿದ್ದೆನಲ್ಲ ಅಂತ ಅವತ್ತು ಒಬ್ಬನೇ ಕೂತು ತಲೆ ಚಚ್ಚಿಕೊಂಡದ್ದು. ಕರೆಂಟಿನ ಗಿಟಾರು, ತೋಪಿನಲ್ಲಿ ಕರೆಂಟೆಲ್ಲಿ, ತಗಡಿನ ಮೇಲೆ ಉಗುರು ಕೆರೆದ ಹಾಗೆ ಕಿರ್ ಕಿರ್ ಅಷ್ಟೇ. ಮೇಕೆ ಮೇಯಿಸುವ ಅಮ್ಮಯಮ್ಮ ಬಂದು, ಏನಪ್ಪಾ ಕೆಂಪರಾಜು, ಯಾವಾಗ್ ನೋಡಿದ್ರೂ ಕಿರ್ ಅಂತದೆ, ಅದುಕ್ಕೆ ಒಂದು ತೊಟ್ಟು ಎಣ್ಣೆ ಬಿಡಬಾರ್ದಾ. ಅಜ್ಜಿ, ಸ್ಪೀಕರಿಗೆ ಹಾಕಿದ್ರೆ ಇದು ಬೇರೇನೇ ಕಣಜ್ಜಿ, ಬೇರೇನೇ. ಹಂಗಂತೀಯಾ, ಆಗ್ಲಿ ಬಿಡು.

ಸ್ಪೀಕರಿಗೆ ಹಾಕಿದರೆ ಬೇರೆಯೇ, ಹೌದು, ಎಷ್ಟು ಚೆನ್ನಾಗಿತ್ತು, ವಿಜಯಪುರದ ನಾಮಕರಣದಲ್ಲಿ, ದೊಡ್ಡಬಳ್ಳಾಪುರದ ಗಣೇಶನ ಪೆಂಡಾಲಿನಲ್ಲಿ, ಜೇನು ಸುರಿದ ಹಾಗೆ ಬಂತಲ್ಲ, ನಾನೇ ಏನು ಅಂತ ನನಗೇ ನಂಬಿಕೆಯಾಗದ ಹಾಗೆ — ವಿಜಯಪುರದಲ್ಲಿ ಒಂದು ಸ್ವರ ತಪ್ಪಿತ್ತು. ತಪ್ಪಿತ್ತು, ಬೆರಳಿಗೆ ಗೊತ್ತಾಗಿತ್ತು, ಕಿವಿಗೆ ಬಿದ್ದಿರಲಿಲ್ಲ, ನೋಡಿದೆಯಾ, ಅಭ್ಯಾಸ ಅಂದರೆ ಇದು, ತಪ್ಪು ತಾನೇ ಕರಗಿಹೋಗುತ್ತದೆ ಅಂತ ಹಿಗ್ಗಿ ಮನೆಗೆ ಬಂದು ಪ್ರಮೋದಾಳಿಗೆ ಹೇಳಿದ್ದ, ಥೂ, ನಿನ್ನ ಹಿಗ್ಗಿಗೆ ಬೆಂಕಿ ಬೀಳ. ವೈರು ನೀನ್ ಮುಟ್ಬೇಡ ಗುರು, ಶಾಕ್ ಗೀಕ್ ಹೊಡ್ದಾತು, ನಾನ್ ಹಾಕ್ತೀನಿ, ಅಂದಿದ್ದ ಸೊಣ್ಣಪ್ಪ, ಅವನ ಒಳ್ಳೆಯತನ ಅಂದುಕೊಂಡದ್ದು. ಗಿಟಾರಿನ ತುದಿ ಕೈಗೆ ಕೊಡುತ್ತಿದ್ದ, ಇನ್ನೊಂದು ತುದಿ ಅವನ ಹತ್ತಿರ. ಕಾರ್ಯಕ್ರಮಕ್ಕೆ ಮುಂಚೆ ಗಿಟಾರು ಟೆಸ್ಟು ಮಾಡೋಣ ಅಂದರೆ ಟೈಮಿಲ್ಲ ಟೈಮಿಲ್ಲ. ಲ್ಯಾಪ್‌ಟಾಪು ಯಾಕೆ ಅಂದರೆ ಡ್ರಮ್ಮಿಗೆ, ಬರೀ ಡ್ರಮ್ಮಿಗೆ ಅಂದಿದ್ದ, ಗಿಟಾರನ್ನೂ ಅದರೊಳಗೇ ತುಂಬಿಟ್ಟಿದ್ದಾನೆ, ಬೇರೆ ಯಾರೋ ನುಡಿಸಿದ ಗಿಟಾರು. ಸ್ಟೇಜು ಖಾಲಿ ಕಾಣ್ತದೆ ಕಣೋ. ಕಾಣ್ತದೆ ಅಂದಿದ್ದ, ಕೇಳ್ತದೆ ಅಂದಿರಲಿಲ್ಲ. ಹಕ್ಕಿ ಬೆದರಿಸುವ ಹೊಲದ ಬೆರ್ಚಪ್ಪನೂ ಹಾಗೇ ತಾನೇ, ನಿಂತಿದ್ದರೆ ಸಾಕು. ಲೋ ಗಂಗಾ, ಬೇಡ ಕಣೋ ನೀನು ಅಂದುಬಿಟ್ಟಿದ್ದರೆ ಗುಲಾಬಿ ಕೊಯ್ದುಕೊಂಡು ಮನೆಯಲ್ಲಿ ಇರುತ್ತಿದ್ದೆನಲ್ಲೋ, ಬೆರಳ ತುದಿ ಒಡೆದು, ಜಡ್ಡುಗಟ್ಟಿ, ಅನ್ನ ಕಲಸಿದರೆ ಉರಿ, ಅದೆಲ್ಲ ಯಾರಿಗಾಗಿ ಆಯಿತು. ಒಂದು ಪಾಠದಲ್ಲಿ ಮೇಷ್ಟ್ರು ಹೇಳಿದ್ದರು, ನೀವು ನುಡಿಸಿದ್ದನ್ನು ನೀವೇ ರೆಕಾರ್ಡು ಮಾಡಿ ಕೇಳಿ, ಅದೇ ಕನ್ನಡಿ, ಅದೊಂದು ಪಾಠವನ್ನು ದಾಟಿ ಮುಂದಕ್ಕೆ ಹೋದದ್ದು, ತೋಪಿನಲ್ಲಿ ರೆಕಾರ್ಡು ಮಾಡಿದರೆ ಕಿರ್ ಕಿರ್, ಜೊತೆಗೆ ಕಾಗೆ, ಅದನ್ನು ಕೇಳುವುದೇನು. ಹಾಗಾದರೆ ನನ್ನ ಗಿಟಾರನ್ನು ಈ ವರ್ಷವೆಲ್ಲ ಯಾರೂ ಕೇಳಿಲ್ಲ. ನಾನೂ ಕೇಳಿಲ್ಲ. ಬಂದಿದೆಯೋ, ಬಂದಿಲ್ಲವೋ, ಹೊಸಕೋಟೆಗಿಂತ ಒಂದು ಕೂದಲೆಳೆ ಮುಂದೆ ಹೋಗಿದ್ದೇನೋ ಇಲ್ಲವೋ, ಯಾರನ್ನು ಕೇಳಲಿ, ಅಮ್ಮಯಮ್ಮನ ಮೇಕೆಗಳನ್ನೇ ಕೇಳಬೇಕು. ಹೂಕುಂಡದ ಪಕ್ಕ ಮತ್ತೆ ಹೊಳೆಯಿತು. ಓಲೆಯಲ್ಲ. ನೋಡಬಾರದು, ಆ ಕಡೆ ನೋಡಬಾರದು.

ಬೆರಳು ಆಡುತ್ತಿದೆ, ಇಲ್ಲದ ತಂತಿಯನ್ನು ಒತ್ತುತ್ತಿದೆ, ಮೇಷ್ಟ್ರು ಹೇಳಿದ ಹಾಗೆ ಹೆಬ್ಬೆರಳು ಹಿಂದೆ, ಎಲ್ಲ ಸರಿಯಾಗಿ, ಅಷ್ಟು ಸರಿಯಾಗಿ ಇವತ್ತಿನವರೆಗೆ ಆಡಿಯೇ ಇರಲಿಲ್ಲ, ಕೊನೆಯ ಸ್ವರ, ಮುಗಿಯಿತು, ಮುಗಿಯಿತು ಸದ್ಯ, ಯಾರಿಗೂ ಗೊತ್ತಾಗಲಿಲ್ಲ, ಮನೆಗೆ ಹೋಗಿ ಇದನ್ನು ಒಲೆಗೆ ಇಟ್ಟರಾಯಿತು, ಮಗುವಿಗೆ ಮಾತ್ರ ಗೊತ್ತಾಗದಿದ್ದರೆ ಸಾಕು. ಬೆಳಿಗ್ಗೆ ತಾನಾಗಿಯೇ ಬಂದು ಅಪ್ಪಾ, ನಾನೂ ಬರ್ತೀನಿ ಇವತ್ತು, ವಿಡಿಯೋ ಮಾಡಿ ನಮ್ ಕ್ಲಾಸಿನವ್ರಿಗೆಲ್ಲ ತೋರಿಸ್ತೀನಿ, ಅಂದಿತಲ್ಲ ಮಗು, ಅವತ್ತು ಮುಚ್ಚಿಕೊಂಡ ಮುಖ ಇವತ್ತು ಅರಳಿಕೊಂಡು ಕೂತಿದೆಯಲ್ಲ. ಹಾಲಿನ ತುಂಬ ಚಪ್ಪಾಳೆ. ನಮ್ಮ ಕೆಂಪರಾಜ್, ಗಿಟಾರ್ ಕೆಂಪರಾಜ್, ಜೋರಾಗಿ ಬರ್ಲಿ, ಅಂತ ಗಂಗಣ್ಣ ಮೈಕಿನಲ್ಲಿ ಕೂಗಿದ, ಈ ಕಡೆ ತಿರುಗಲಿಲ್ಲ, ಸಿಂಚನ ಎದ್ದು ನಿಂತು ಕೈಬೀಸಿದಳು, ಅಪ್ಪಾ ಅಂತ ಬಾಯಾಡಿದ್ದು ಕಂಡಿತು, ಕೆಂಪರಾಜ ತಾನೂ ನಕ್ಕು ಎರಡೂ ಕೈ ಎತ್ತಿ ಜೋಡಿಸಿ ನಮಸ್ಕಾರ ಮಾಡಿದ, ಅಭ್ಯಾಸಬಲ, ಚಪ್ಪಾಳೆ ಬಿದ್ದರೆ ಕೈ ಮುಗಿಯುವುದು — ಕೈ ಮುಗಿದೇ ಇತ್ತು, ಹಾಡು ಚರಣಕ್ಕೆ ಹೊರಳಿತು, ಗಿಟಾರು ನುಡಿಯತೊಡಗಿತು. ಕೈ ಇಳಿಸು. ಇಳಿಯುತ್ತಿಲ್ಲ. ಎರಡೂ ಅಂಗೈ ಒಂದಕ್ಕೊಂದು ಅಂಟಿಕೊಂಡಿವೆ, ಗಿಟಾರು ಕೊರಳಿನಿಂದ ಸುಮ್ಮನೆ ಜೋತಾಡುತ್ತಿದೆ, ಸ್ಪೀಕರಿನಲ್ಲಿ ಗಿಟಾರು ಜೇನು ಸುರಿದ ಹಾಗೆ ಬರುತ್ತಿದೆ, ಸಿಂಚನಳ ಫೋನು ಕೆಳಗಿಳಿಯಿತು, ಅವಳ ನಗು ಮುಖದ ಮೇಲೆ ಹಾಗೇ ಉಳಿದು ಕಣ್ಣು ಮಾತ್ರ ಹೊರಟಿತು, ಅಪ್ಪನ ಮುಗಿದ ಕೈಯಿಂದ ಗಿಟಾರಿಗೆ, ಗಿಟಾರಿನಿಂದ ವೈರಿಗೆ, ವೈರು ಹಿಡಿದು ಕಾಲಿನ ಪಕ್ಕ, ಕಾರ್ಪೆಟ್ಟಿನ ಮೇಲೆ, ಬೇಡ ಮಗಳೇ, ಅಲ್ಲಿಗೆ ಹೋಗಬೇಡ, ನನ್ನನ್ನೇ ನೋಡು, ಅಪ್ಪ ಕಲಿತಿದ್ದಾನೆ ಕಣವ್ವ, ನಿಜವಾಗಿಯೂ ಕಲಿತಿದ್ದಾನೆ, ಕಣ್ಣು ನಿಲ್ಲದೆ ಹೋಗುತ್ತಿದೆ, ಹೂಕುಂಡದ ಪಕ್ಕಕ್ಕೆ, ಅಲ್ಲಿ, ಬೆರಳುದ್ದದ ಬೆಳ್ಳಿ ಬಣ್ಣದ ತುದಿ, ಯಾವುದಕ್ಕೂ ಸಿಕ್ಕಿಸದೆ ಸುಮ್ಮನೆ ಬಿದ್ದಿರುವುದು, ಹೊಳೆಯುತ್ತಿರುವುದು, ವೈರಿನ ತುದಿ, ವೈರಿನ ತುದಿ