ಪುನರ್ಪುಳಿಯ ಶಿಲಾಪಾಕ

ಸಿಟ್ಟು ಬಂದರೆ ನನಗೆ ನಗು ಬರುತ್ತದೆ, ಅದೊಂದು ದೊಡ್ಡ ಪೀಡೆ. ೧೯೬೪ರಲ್ಲಿ ಕೆದಂಬಾಡಿ ಕಡೆಯ ಶಾಲೆಯೊಂದರಲ್ಲಿ ನಾನು ವಿಜ್ಞಾನದ ಟೀಚರ್. ಮೂಲೆಯ ಕೋಣೆಗೆ ನಾನೇ ಸುಣ್ಣ ಬಳಿದು ಪ್ರಯೋಗಶಾಲೆ ಮಾಡಿಕೊಂಡಿದ್ದೆ. ಹೆಡ್‌ಮಾಸ್ಟರ್ ಉದಯಶಂಕರರಿಗೋ ಅದರಲ್ಲಿ ಮುರಿದ ಬೆಂಚು ತುಂಬಿಸಿ ಬೀಗ ಹಾಕುವ ಹಟ. ತೀರ್ಮಾನ ಪುತ್ತೂರಿನಿಂದ ಬರುವ ಇನ್‌ಸ್ಪೆಕ್ಟರರದ್ದು.

ನೆಲದಡಿಯ ಶಿಲಾಪಾಕ, ಅಂದರೆ ಕರಗಿದ ಕಲ್ಲು, ಹೇಗೆ ಮೇಲೇರುತ್ತದೆಂದು ಅವರಿಗೆ ತೋರಿಸುತ್ತೇನೆಂದು ಜಂಬ ಕೊಚ್ಚಿಬಿಟ್ಟಿದ್ದೆ. ನೆರೆಮನೆಯ ಪಾತು ಉಪವಾಸದ ತಿಂಗಳಲ್ಲಿ ಮಾಡುವ ಕಡಲಪಾಚಿಯ ಚೈನಾಗ್ರಾಸ್ ಜೆಲ್ಲಿಯನ್ನು ಹಾಲು ಹಾಕದೆ ಕುದಿಸಿಕೊಟ್ಟಳು. ಲಾಟೀನಿನ ಗಾಜಿನ ಅಡಿಬಾಯಿಗೆ ಕೊಳವೆ ತೂರಿಸಿದ ಬಿರಡೆ ಬಡಿದು, ಕುದಿಸಿದ್ದನ್ನು ಒಳಗೆ ಹೊಯ್ದೆ. ಬೆಳಗಾಗುವಾಗ ತಿಳಿಯಾಗಿ ಹೆಪ್ಪುಗಟ್ಟಿತ್ತು. ಅದೇ ನನ್ನ ಭೂಮಿ. ಅಡಿಯಿಂದ ತಳ್ಳಲು ದನದ ಡಾಕ್ಟರ ಹಳೆಯ ಸಿರಿಂಜು. ಶಿಲಾಪಾಕಕ್ಕೆ ಒಂದು ತಂಬಿಗೆ ಪುನರ್ಪುಳಿ ಹಣ್ಣಿನ ಹುಳಿ ಸಿಪ್ಪೆ ನೆನೆಸಿದ ಕೆಂಪು ನೀರು.

ಕೈ ತೊಳೆದು ಬಂದು ನೋಡುತ್ತೇನೆ, ತಂಬಿಗೆ ಆಗಲೇ ಬಂದಿಳಿದಿದ್ದ ಇನ್‌ಸ್ಪೆಕ್ಟರರ ಕೈಯಲ್ಲಿದೆ. ತಲೆ ಹಿಂದೆ ವಾಲಿಸಿ ಗಟಗಟ ಕುಡಿಯುತ್ತಿದ್ದಾರೆ.

"ಬಾಯಾರಿಕೆಗೆ ಕೊಟ್ಟದ್ದು ನಾನೇ," ಎಂದರು ಹೆಡ್‌ಮಾಸ್ಟರ್. "ಬಂದವರಿಗೆ ಕೊಡದೆ ಇರ್ಲಿಕ್ಕಾಗ್ತದಾ?"

"ಬೆಲ್ಲ ಹಾಕ್ಲಿಕ್ಕೆ ಮರ್ತದ್ದಾ?" ಎಂದು ಇನ್‌ಸ್ಪೆಕ್ಟರು ಮುಖ ಹುಳಿ ಮಾಡಿದರು.

"ಸರ್, ನೀವು ಕುಡಿದದ್ದು ನನ್ನ ಶಿಲಾಪಾಕ," ಎಂದವಳೇ ತಂಬಿಗೆ ಕಸಿದುಕೊಂಡೆ. ತಳದಲ್ಲಿ ಸ್ವಲ್ಪ ಉಳಿದಿತ್ತು. ಹೊಟ್ಟೆಯೊಳಗೆ ಸಿಟ್ಟು, ಬಾಯಲ್ಲಿ ನಗು.

"ಛೆ ಛೆ, ಎಂಜಲು ಮಾರಾಯ್ರೆ," ಎಂದು ಹೆಡ್‌ಮಾಸ್ಟರ್ ಅಡ್ಡ ಬಂದರು.

"ಎಂತ ಎಂಜಲು? ನಾನು ಎತ್ತಿಯೇ ಕುಡ್ದದ್ದು. ತುಟಿಗೆ ತಾಗ್ಲಿಲ್ಲ," ಎಂದು ಇನ್‌ಸ್ಪೆಕ್ಟರು ಗದರಿದರು. ನನಗೆ ಜೀವ ಬಂದಂತಾಯಿತು.

ಉಳಿದದ್ದನ್ನು ಸಿರಿಂಜಿಗೆ ಎಳೆದು ಮೆಲ್ಲಗೆ ತಳ್ಳಿದೆ. ಹೆಪ್ಪು ಸೀಳಿತು, ಸೀಳಿನೊಳಗೆ ಕೆಂಪು ಏರಿತು.

"ನೋಡಿ, ಬಾವಿಯ ಹಾಗೆ ದುಂಡಗೆ ಬರುದಲ್ಲ. ವೀಳ್ಯದೆಲೆ ನಿಲ್ಲಿಸಿದ ಹಾಗೆ ತೆಳ್ಳಗೆ ಬರುದು," ಎಂದೆ.

"ಇಲ್ಲಿಂದ ಎಲೆ," ಎಂದರು ಇನ್‌ಸ್ಪೆಕ್ಟರು. ಆಚೆ ಹೋಗಿ, "ಇಲ್ಲಿಂದ ಬರೀ ಗೆರೆ," ಎಂದರು. ಮೇಜಿಗೆ ಸುತ್ತು ಬರತೊಡಗಿದರು. ಅವರ ಹಿಂದೆ ಹೆಡ್‌ಮಾಸ್ಟರ್, ಹೆಡ್‌ಮಾಸ್ಟರ ಹಿಂದೆ ನಾನು. ಸಂತೋಷಕ್ಕೆ ನನಗೆ ತಲೆ ತಿರುಗುತ್ತಿತ್ತು.

ಮರಳಿ ಬಂದು ಮತ್ತೆ ತಳ್ಳಿದೆ. ಮೇಲ್ಮೈಗೆ ಇನ್ನು ಎರಡು ಬೆರಳು ಎನ್ನುವಾಗ ಸಿರಿಂಜು ಖಾಲಿ. ಕೆಂಪೆಲೆ ಅಲ್ಲಿಯೇ ನಿಂತಿತು. ಕೋಣೆ ಹೋಯಿತೆಂದೇ ತಿಳಿದೆ.

"ಮೇಲೆ ಬರ್ಲೇ ಇಲ್ಲ," ಎಂದರು ಹೆಡ್‌ಮಾಸ್ಟರ್.

"ನಿಜವಾಗಿಯೂ ಹೆಚ್ಚಿನದ್ದು ಹೀಗೇ ಮಾಸ್ಟ್ರೆ, ಅಡಿಯಲ್ಲೇ ನಿಂತು ಕಲ್ಲಾಗುದು," ಎಂದೆ.

"ಉಳಿದದ್ದು ನನ್ನ ಹೊಟ್ಟೆಯಲ್ಲಿ ಉಂಟಲ್ಲ," ಎಂದು ಇನ್‌ಸ್ಪೆಕ್ಟರು ಹೊಟ್ಟೆ ತಡವಿಕೊಂಡು ನಕ್ಕರು. ಮತ್ತೆ ಹೆಡ್‌ಮಾಸ್ಟರ ಕಡೆ ತಿರುಗಿ, "ಈ ಕೋಣೆಗೆ ಬೀಗ ಹಾಕುದು ಅಂತ ಹೇಳಿದ್ರಿ ಅಲ್ವಾ?" ಎಂದು ಕೇಳಿದರು.

ಹೆಡ್‌ಮಾಸ್ಟರ್ ಇನ್ನೂ ಗಾಜಿಗೆ ಮೂಗು ತಾಗಿಸಿ ಬಗ್ಗಿದ್ದರು. ಥಟ್ಟನೆ ನೆಟ್ಟಗಾಗಿ ಪಂಚೆ ಎತ್ತಿಕಟ್ಟಿ ಅಂಗಳಕ್ಕೆ ಇಳಿದರು.

"ಮನೆಯಲ್ಲಿ ಪುನರ್ಪುಳಿ ಉಂಟು, ಓಡಿ ತರ್ತೇನೆ," ಎಂದರು. "ಟೀಚರೆ, ನಾನು ಬರುವವರೆಗೆ ಯಾರೂ ಆ ಬಾಗಿಲು ಹಾಕ್ಬಾರ್ದು."