ಸೂಜಿಹಕ್ಕಿ

ಪಾಚಿಯ ವಾಸನೆ, ಹೌದು, ಅದೇ, ನೆಂದ ಕಂಬಳಿಯ ಹಾಗೆ, ಮರಕ್ಕೆ ವಯಸ್ಸಾದಷ್ಟೂ ಪಾಚಿ ದಪ್ಪ, ಪಾಚಿ ದಪ್ಪವಾದಷ್ಟೂ ಸೂಜಿಹಕ್ಕಿಯ ಗೂಡು ಬೆಚ್ಚಗೆ — ಆದರೆ ಹಕ್ಕಿಯೇ ಇಲ್ಲವಲ್ಲ, ಮೂರು ವಸಂತದಿಂದ ಒಂದು ಸೊಲ್ಲಿಲ್ಲ, ಇಷ್ಟು ದೊಡ್ಡ ಕಾಡು ಬಾಯಿಗೆ ಬೀಗ ಹಾಕಿಕೊಂಡು ಕೂತಿದೆ, ನಾಳೆ ಮರ ಕಡಿಯುವ ಸಭೆಯಲ್ಲಿ, ಹಕ್ಕಿ ಎಣಿಸುವ ಅವಳು ಎದ್ದು ನಿಂತು ಹಕ್ಕಿ ಇಲ್ಲ ಎಂದರೆ ಮುಗಿಯಿತು, ಈ ಇಳಿಜಾರಿನ ಹಳೆಯ ಮರಗಳಿಗೆಲ್ಲ ಗರಗಸ. ಹಕ್ಕಿ ಎಣಿಸುವವರ ಕಟ್ಟಳೆ ಒಂದೇ, ಎಲೆಮರೆಯಲ್ಲಿ ಕಣ್ಣನ್ನು ನಂಬಬೇಡ, ಕಿವಿಗೆ ಬಿದ್ದದ್ದೇ ಲೆಕ್ಕ. ಅವಳ ಕಿವಿಯೆಂದರೆ ಸುಮ್ಮನೆಯೇ, ಗಂಡ ಇದ್ದಾಗ ರೇಗಿಸುತ್ತಿದ್ದ, ನೀನಿರೋ ಮನೇಲಿ ಗುಟ್ಟಾಗಿ ಒಂದು ಬಿಸ್ಕತ್ತು ಮುರಿಯೋ ಹಾಗಿಲ್ಲ ಕಣೇ, ಪಾಪ, ಸಕ್ಕರೆ ಕಾಯಿಲೆಯವನು, ಅವನಿಗೆ ಈ ಹಕ್ಕಿಯ ಕೂಗನ್ನು ಅವಳು ಮೊದಲು ಕೇಳಿಸಿದ್ದು ಇಲ್ಲೇ, ಹೆಬ್ಬೆರಳಿನಷ್ಟು ಜೀವ, ಸೂಜಿಮೊನೆಯಷ್ಟು ಸಣ್ಣ ದನಿ, ಅದು ಎಷ್ಟು ಮೇಲಕ್ಕೆ ಹೋಗುತ್ತದೆಂದರೆ — ಅತ್ತೆ, ಸೊಸೆ ತೋಳು ಜಗ್ಗುತ್ತಿದ್ದಾಳೆ, ಕಾಗೆ ಗುಬ್ಬಿ ಬಿಟ್ಟರೆ ಮೂರನೆಯದು ಗೊತ್ತಿಲ್ಲ ಇವಳಿಗೆ, ಬಂದದ್ದು ಬುತ್ತಿ ಹೊರಲಿಕ್ಕೆ, ಅತ್ತೆ, ಅದ್ಯಾವ್ದದು, ತಲೆ ಚಿಟ್ಟು ಹಿಡಿಯೋ ಹಾಗೆ ಕಿರುಚ್ತಾ ಇದೆ, ಯಾವ್ದೇ, ಏನೂ ಇಲ್ವಲ್ಲ, ಅಯ್ಯೋ ಆಗಿನಿಂದ್ಲೂ ಕೂಗ್ತಿದೆ, ಅಲ್ಲೊಂದು, ಹಿಂದೇನೂ ಒಂದು, ನಿಮಗೆ ಕೇಳಿಸ್ತಿಲ್ವಾ — ಕೇಳಿಸ್ತಿಲ್ವಾ, ದುರ್ಬೀನು ಎತ್ತುತ್ತಾಳೆ, ಕೊಂಬೆ, ಪಾಚಿ, ಮತ್ತೆ ಕೊಂಬೆ, ಅಗೋ, ಕೊಕ್ಕು ತೆರೆದಿದೆ, ಗಂಟಲು ಉಬ್ಬಿ ಅದುರುತ್ತಿದೆ, ಸದ್ದಿಲ್ಲ. ಹಕ್ಕಿ ಎಲ್ಲಿಗೂ ಹೋಗಿರಲಿಲ್ಲ, ಹೋದದ್ದು ಅವಳ ಕಿವಿ, ವಯಸ್ಸಾದರೆ ಮೊದಲು ಹೋಗುವುದು ಇಂಥ ಮೇಲುದನಿಯೇ, ದೇವರೇ, ಮೂರು ವಸಂತ ಸಾವಿನ ಮನೆಗೆ ಬಂದವಳಂತೆ ತಲೆ ತಗ್ಗಿಸಿ ಇಲ್ಲಿ ನಡೆದಳು, ಆಗೆಲ್ಲ ತಲೆಯ ಮೇಲೆ ಇವು ಹೀಗೇ ಹಾಡುತ್ತಿದ್ದವು, ಖುಷಿಗೆ ಅಳು ಬರುತ್ತಿದೆ, ಅಳುವಿನ ನಡುವೆ ನಗು, ನಾಳೆ ಹಕ್ಕಿ ಇದೆ ಎಂದರೆ ಇಷ್ಟು ದಿನ ಇಲ್ಲದ್ದು ಈಗ ಎಲ್ಲಿಂದ ಬಂತು ಎಂದು ಕೇಳಿಯೇ ಕೇಳುತ್ತಾರೆ, ಕಿವಿ ಹೋಗಿದೆ ಎನ್ನಬೇಕು, ಎಂದ ಮೇಲೆ ಅವಳನ್ನು ಎಣಿಕೆಗೆ ಯಾರು ಕರೆದಾರು, ರುಚಿ ಸತ್ತ ನಾಲಿಗೆಗೆ ಅಡುಗೆಮನೆ ಒಪ್ಪಿಸುತ್ತಾರೆಯೇ, ಈ ಕಾಡು ಬಿಟ್ಟರೆ ಅವಳಿಗೆ ಇನ್ನೇನಿದೆ, ಹೇಳದಿದ್ದರೆ — ಕೊಕ್ಕು ತೆರೆದಿದೆ — ಹೇಳ್ತೀನಿ, ನಾಳೆ ಹೇಳ್ತೀನಿ, ಯಾರಿಗೆ, ಏನು ಹೇಳ್ತೀರತ್ತೆ, ಸುಮ್ನಿರೇ ತಾಯಿ, ಎಲ್ಲೆಲ್ಲಿ ಕೂಗ್ತಿದೆ ಬೆರಳು ಮಾಡಿ ತೋರ್ಸು, ಸೊಸೆಯ ಬೆರಳು ಅಲ್ಲಿ, ಅಲ್ಲಿ, ಬೆನ್ನ ಹಿಂದೆ, ತೊರೆಯಾಚೆ, ನಿಲ್ಲುತ್ತಲೇ ಇಲ್ಲ, ಇಷ್ಟೊಂದಾ, ಈ ಮೌನದೊಳಗೆ ಇಷ್ಟೊಂದು ಹಾಡು, ಕೊಕ್ಕು ಮುಚ್ಚಿತು, ಮತ್ತೆ ತೆರೆಯಿತು, ಒಳಗೆ ಕಿತ್ತಳೆ ಬಣ್ಣ, ಗಂಟಲು ಅದುರುತ್ತಿದೆ, ಕೊಕ್ಕು, ತೆರೆದ ಕೊಕ್ಕು