ದನಿ ತಗ್ಗಿಸದ ಝರ್ನಾ

ಝರ್ನಾ ಬಿಸ್ವಾಸ್ ತಾಯಿಯೊಡನೆ ಮಾತಾಡುವಾಗ ದನಿ ತಗ್ಗಿಸುವುದಿಲ್ಲ. ಸಿಂಧನೂರಿನ ನಮ್ಮ ಪ್ರೌಢಶಾಲೆಯಲ್ಲಿ ತೆಲುಗು, ಉರ್ದು, ಲಂಬಾಣಿ ಮನೆಗಳ ಮಕ್ಕಳೆಲ್ಲ ಗೇಟಿನ ಬಳಿ ಮನೆಯವರು ಕಂಡೊಡನೆ ಪಿಸುಮಾತಿಗೆ ಇಳಿಯುತ್ತಾರೆ. ನಿರಾಶ್ರಿತರಾಗಿ ಬಂದವರ ಬಂಗಾಲಿ ಕ್ಯಾಂಪಿನ ಈ ಹತ್ತನೇ ತರಗತಿಯ ಹುಡುಗಿ ಮಾತ್ರ, ಎರಡು ಜಡೆ ಹಾರಿಸುತ್ತ, ಬಲಗಾಲನ್ನು ತುಸು ಹೊರಚೆಲ್ಲುವ ಆ ಅವಸರದ ನಡಿಗೆಯಲ್ಲಿ ಹೋಗಿ, ಶಂಖದ ಬಳೆ ತೊಟ್ಟ ತಾಯಿಯ ಕೈಯಿಂದ ಬುತ್ತಿ ಕಸಿದು, ಇಡೀ ಅಂಗಳಕ್ಕೆ ಕೇಳುವಂತೆ ಬಂಗಾಲಿಯಲ್ಲಿ ಜಗಳ ತೆಗೆಯುತ್ತಾಳೆ. ಅವಳ ಕನ್ನಡ ಮೇಷ್ಟ್ರಾದ ನಾನು, ಶಿವಪ್ರಸಾದ, ಕಿಟಕಿಯಲ್ಲಿ ನಿಂತು ನೋಡುತ್ತೇನೆ; ಹೊಟ್ಟೆ ಉರಿಯುತ್ತದೆ. ನಲವತ್ತೈದು ದಾಟಿದವನಿಗೆ ಹದಿನೈದರ ಹುಡುಗಿಯ ಮೇಲೆ ಹೊಟ್ಟೆಕಿಚ್ಚು! ನಾಚಿಕೆಯಾಗಬೇಕು, ಆಗುವುದಿಲ್ಲ.

ಬುತ್ತಿಯಲ್ಲಿ ಮೀನಿರುತ್ತದೆ. ಒಮ್ಮೆ ಮೀನು ಮುಟ್ಟದ ಮನೆಯ ಸಹಪಾಠಿ ಭುವನೇಶ್ವರಿ ಮೂಗು ಮುಚ್ಚಿಕೊಂಡಳು. ನಾನಾಗಿದ್ದರೆ ಡಬ್ಬಿ ಮುಚ್ಚಿ ಉಪವಾಸ ಕೂರುತ್ತಿದ್ದೆ. ಝರ್ನಾ, "ನೀ ಆ ಕಡಿ ಕುಂದ್ರಬೇ, ಉಂಡು ಕೈ ತೊಳ್ಕೊಂಡು ಬರ್ತೀನಿ" ಎಂದಳು. ತೊಳೆದು ಬಂದ ಮೇಲೆ ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಹೋದರು. ಎಷ್ಟು ಸಲೀಸು!

ನಾನು ಕಾಲುವೆ ಬದಿಯ, ಆಂಧ್ರದಿಂದ ಬಂದ ರೈತರು ನೆಲೆಸಿದ ತೆಲುಗು ಕ್ಯಾಂಪಿನವನು. ಎಂಟನೇ ತರಗತಿಯಲ್ಲಿದ್ದಾಗ, ಶಾಲೆಯ ಹತ್ತಿರ ಬಂದರೆ ಬಾಯಿ ಬಿಡಕೂಡದೆಂದು ಅಮ್ಮನಿಗೆ ಕಟ್ಟಪ್ಪಣೆ ಮಾಡಿದ್ದೆ. ಆ ಪುಣ್ಯಾತ್ಗಿತ್ತಿ ಈಗಲೂ, ನಾನು ಮೇಷ್ಟ್ರಾಗಿರುವ ಶಾಲೆಗೆ ಮಜ್ಜಿಗೆ ತಂದರೆ, ಗೇಟಿನ ಹೊರಗೇ ನಿಂತು ಡಬ್ಬಿ ಎತ್ತಿ ತೋರಿಸಿ ಸುಮ್ಮನೆ ಹೋಗುತ್ತಾಳೆ.

ಕಳೆದ ತಿಂಗಳು ಪರೀಕ್ಷೆಯ ಅರ್ಜಿ ತುಂಬುವಾಗ ಝರ್ನಾಳ ಮಾತೃಭಾಷೆಯ ಅಂಕಣದಲ್ಲಿ, ಅವಳನ್ನು ಕೇಳದೆ, ಕನ್ನಡವೆಂದು ಬರೆದೆ. ಯಾರೂ ಅವಳನ್ನು ಹೊರಗಿನವಳೆನ್ನದಿರಲೆಂಬ ಉಪಕಾರವೆಂದುಕೊಂಡೆ; ನಿಜ ಹೇಳಬೇಕೆಂದರೆ, ಅವಳನ್ನೂ ನನ್ನಂತೆ ಮಾಡುವ ಆಸೆ. ಸಹಿಗೆ ಬಂದವಳು ಆ ಅಂಕಣದ ಮೇಲೆ ಬೆರಳಿಟ್ಟು ನಿಂತಳು.

"ಸರ್, ಇದು ತಪ್ಪೈತ್ರೀ."

"ಕನ್ನಡದಾಗ ಎಲ್ಲಾರಕಿಂತ ಮುಂದ ಅದಿ. ಇರ್ಲಿ ಬಿಡು."

"ಕನ್ನಡ ನಂದ ಐತ್ರೀ, ಯಾರಿಗೂ ಬಿಟ್ಟುಕೊಡಂಗಿಲ್ಲ. ಆದ್ರ ನಮ್ಮವ್ವನ ಜಾಗಾದಾಗ ನಿಮ್ಮ ಸಬ್ಜೆಕ್ಟ್ ಬರದ್ರ ಹೆಂಗ್ರೀ?" ಎಂದವಳು, ಗೇಟಿನ ಕಡೆ ನೋಡಿ ಕೇಳಿದಳು: "ಸರ್, ಮಜ್ಜಿಗಿ ತರ್ತಾರಲ್ರೀ ನಿಮ್ಮವ್ವಾರು, ಅವರಿಗೆ ಮಾತು ಬರಂಗಿಲ್ಲೇನ್ರೀ?"

"ಬರ್ತೈತಿ," ಎಂದೆ. "ತೆಲುಗು."

ಇಪ್ಪತ್ತು ವರ್ಷ ಪಕ್ಕದ ಕುರ್ಚಿಯಲ್ಲಿ ಕೂತೂ ಇದನ್ನು ಅರಿಯದಿದ್ದ ಗಣಿತದ ಅಮೀನ್‌ಸಾಬ್ ತಲೆಯೆತ್ತಿ ನನ್ನನ್ನೇ ನೋಡಿದರು.

ಮರುದಿನ ಅಮ್ಮ ಗೇಟಿಗೆ ಬಂದಾಗ, ಅಂಗಳದ ತುಂಬ ಮಕ್ಕಳಿರುವಾಗಲೇ, ಒಳಗೆ ಬಾ ಎಂದು ತೆಲುಗಿನಲ್ಲಿ ಗಟ್ಟಿಯಾಗಿ ಕೂಗಿದೆ. ಅವಳು ಬೆದರಿ ಸುತ್ತ ನೋಡಿದಳು. ತುಟಿಯ ಮೇಲೆ ಬೆರಳಿಟ್ಟು, ಸುಮ್ಮನಿರು ಎಂದು ನನಗೇ ಸನ್ನೆ ಮಾಡಿದಳು.

ಝರ್ನಾಳಂಥ ಮಕ್ಕಳು ಯಾರಿಗೂ ಏನನ್ನೂ ಬೋಧಿಸುವುದಿಲ್ಲ. ತಾಯಿಯನ್ನು ಗೇಟಿನಲ್ಲಿ ಬಿಡದೆ ಶಾಲೆಯೊಳಗೆ ಬರುತ್ತಾರೆ, ಅಷ್ಟೇ. ಬಿಟ್ಟು ಬಂದವರಿಗೆ ಅದನ್ನು ನೋಡಿ ಸಹಿಸುವುದು ಕಷ್ಟ.